1957ರ ಬೆಲ್ ಏರ್: ಬಣ್ಣ ಉಬ್ಬಿದ ಮಾದರಿಯನ್ನು ಬಿಚ್ಚಲೇ, ಹಾಗೆಯೇ ಇಡಲೇ?

ಬಾಲರೆಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೆಯ ಕಾರುಗಳ ಪುಟ್ಟ ಮಾದರಿಗಳನ್ನು ಕೂಡಿಡಲು ಆರಂಭಿಸಿ ಆರು ವರ್ಷಗಳಾದವು. ಇಷ್ಟು ದಿನ ಕೊಂಡು, ಒರೆಸಿ, ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆಯೇ ಹೊರತು ಒಂದಕ್ಕೂ ಸ್ಕ್ರೂಡ್ರೈವರ್ ಮುಟ್ಟಿಸಿಲ್ಲ. ಈಗ ಮುಟ್ಟಿಸಬೇಕಾದ ಪರಿಸ್ಥಿತಿ ಬಂದಿದೆ.

ಕಾರು 1957ರ ಷೆವ್ರೊಲೆ ಬೆಲ್ ಏರ್, ಎರಡು ಬಾಗಿಲಿನ ಹಾರ್ಡ್‌ಟಾಪ್ (ಕಿಟಕಿಗಳ ನಡುವೆ ಕಂಬವಿಲ್ಲದ್ದು). 1:18 ಅಳತೆಯ ಲೋಹದ ಮಾದರಿ, ಕಪ್ಪು ಬಣ್ಣ. ನಾನು ಕೊಂಡ ಮೊದಲ ಮಾದರಿಯೇ ಇದು. ಆ ಬಾಲದ ರೆಕ್ಕೆಗಳನ್ನು ನೋಡಿಯೇ ಈ ಹವ್ಯಾಸಕ್ಕೆ ಬಿದ್ದವನು ನಾನು. ಕಳೆದ ವರ್ಷದಿಂದ ಬಾನೆಟ್ಟಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಎದ್ದಿವೆ. ಚಾವಣಿಯ ಅಂಚಿನಲ್ಲಿ ಒಂದು ಗುಳ್ಳೆ ಒಡೆದು ಬೂದು ಲೋಹ ಕಾಣುತ್ತಿದೆ. ಬಾನೆಟ್ಟಿನ ಮೇಲಿದ್ದ ಚಿನ್ನದ ಬಣ್ಣದ ವಿ ಲಾಂಛನವೂ ಕಳೆದುಹೋಗಿದೆ.

ಹೇಗೂ ಕೆಟ್ಟಿದೆ, ಪೂರ್ತಿ ಬಿಚ್ಚಿ ಚಾವಣಿ ತಗ್ಗಿಸಿ, ನೆಲಕ್ಕೆ ತಾಗುವಂತೆ ಇಳಿಸಿ, ನೇರಳೆ ಬಣ್ಣ ಹೊಡೆದರೆ ಹೇಗೆ ಎಂಬ ಆಸೆ ಒಂದು ಕಡೆ. ಕಾರ್ಖಾನೆಯಿಂದ ಬಂದ ಹಾಗೆಯೇ ಇರಲಿ ಎಂಬ ಅಳುಕು ಇನ್ನೊಂದು ಕಡೆ. ಅನುಭವಸ್ಥರು ದಯವಿಟ್ಟು ಹೇಳಿ.

ತೆರೆಯದಪೆಟ್ಟಿಗೆ

ನನ್ನ ಮಾತು ನಿಮಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ: ಬಿಚ್ಚಬೇಡಿ.

ಕಾರ್ಖಾನೆಯ ಬಣ್ಣ ಒಂದು ಮಾದರಿಗೆ ಒಂದೇ ಸಲ ಸಿಗುವುದು. ಅದನ್ನು ಕೆರೆದು ತೆಗೆದ ಮೇಲೆ ನೀವು ಎಷ್ಟೇ ಚೆನ್ನಾಗಿ ಬಳಿದರೂ ಅದು ನಿಮ್ಮ ಬಣ್ಣ, ಆ ಮಾದರಿಯ ಬಣ್ಣವಲ್ಲ. 1968ರಲ್ಲಿ ಹಾಟ್ ವೀಲ್ಸ್ ಎಂಬ ಆಟಿಕೆ ಕಾರುಗಳ ಸಾಲು ಹದಿನಾರು ಕಾರುಗಳೊಂದಿಗೆ ಶುರುವಾದಾಗ ಹೊಳಪು ಕೊಟ್ಟ ಲೋಹದ ಮೇಲೆ ಪಾರದರ್ಶಕ ಬಣ್ಣ ಹಾಕುತ್ತಿದ್ದರು. ಆ ಬಣ್ಣದ ಆಳದಿಂದ ಬರುವ ಹೊಳಪೇ ಬೇರೆ. ಟೈರಿನ ಮೇಲೆ ಕೆಂಪು ಗೆರೆ ಇದ್ದ ಆ ಕಾಲದ ಕಾರುಗಳಲ್ಲಿ ಎಷ್ಟೋ ಇಂದು ಹೊಸ ಬಣ್ಣ, ಹೊಸ ಚಕ್ರ ಹಾಕಿಕೊಂಡು 'ಮೂಲ' ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುತ್ತಿವೆ. ನಾನೇ ಒಮ್ಮೆ ಮೋಸಹೋಗಿದ್ದೇನೆ. ಹಾಗಾಗಿ ಹಳೆಯದನ್ನು ಮುಟ್ಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೂದುಪ್ರೈಮರ್

ತೆರೆಯದಪೆಟ್ಟಿಗೆಯವರ ಸಂಕಟ ಅರ್ಥವಾಗುತ್ತದೆ. ಆದರೆ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಬಾಲರೆಕ್ಕೆಯವರೇ, ಕೆಟ್ಟಿರುವುದು ಬಣ್ಣವೋ ಲೋಹವೋ?

ಈ ಮಾದರಿಗಳ ಮೈ ಜಮಾಕ್ ಎಂಬ ಮಿಶ್ರಲೋಹದ್ದು. ಅದರಲ್ಲಿ ಬಹುಪಾಲು ಸತು, ಜೊತೆಗೆ ಅಲ್ಯೂಮಿನಿಯಂ ಮತ್ತು ತುಸು ಮೆಗ್ನೀಸಿಯಂ, ತಾಮ್ರ. ಎರಕದ ಹೊತ್ತಿನಲ್ಲಿ ಸೀಸದಂಥ ಕಲಬೆರಕೆ ಚೂರೇ ಚೂರು ಸೇರಿದರೂ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಬಿರುಕು ಬಿಡುತ್ತದೆ, ಹಿಗ್ಗುತ್ತದೆ, ಕಡೆಗೆ ಕೈಯಲ್ಲೇ ಪುಡಿಯಾಗುತ್ತದೆ. ಹವ್ಯಾಸಿಗಳು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ. ಅದಕ್ಕೆ ಮದ್ದಿಲ್ಲ. ಆ ರೋಗವಿದ್ದರೆ ಹೊಸ ಬಣ್ಣ ಹಚ್ಚುವುದು ಶ್ರಮ ದಂಡ.

ಹೀಗೆ ನೋಡಿ. ಬಾಗಿಲು, ಬಾನೆಟ್, ಡಿಕ್ಕಿ ಒಂದೊಂದಾಗಿ ತೆರೆದು ಮುಚ್ಚಿ. ಮೊದಲು ಸಲೀಸಾಗಿ ಮುಚ್ಚುತ್ತಿದ್ದದ್ದು ಈಗ ಬಿಗಿಯಾಗಿದೆಯೇ? ಬಾಗಿಲ ಸುತ್ತಲಿನ ಸಂದು ಒಂದು ಕಡೆ ಕಿರಿದಾಗಿದೆಯೇ? ಭೂತಗನ್ನಡಿ ಹಿಡಿದು ಒಡೆದ ಗುಳ್ಳೆಯ ಕೆಳಗಿನ ಲೋಹವನ್ನು ನೋಡಿ. ಕೂದಲೆಳೆಯಂಥ ಬಿರುಕುಗಳ ಜಾಲ ಕಂಡರೆ ಆಸೆ ಬಿಡಿ. ಲೋಹ ನಯವಾಗಿದ್ದು, ಮೇಲೆ ಬಿಳಿ ಹುಡಿ ಮಾತ್ರ ಇದ್ದರೆ ಅದು ಪ್ರೈಮರ್‌ನ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರದ) ಕೆಳಗೆ ತೇವವೋ ಜಿಡ್ಡೋ ಉಳಿದದ್ದರ ಫಲ. ಬಣ್ಣ ತೆಗೆದರೆ ಕಾರು ಉಳಿಯುತ್ತದೆ, ತೆಗೆಯದಿದ್ದರೆ ಗುಳ್ಳೆ ಹರಡುತ್ತಲೇ ಹೋಗುತ್ತದೆ.

ಬಾಲರೆಕ್ಕೆ

ಈಗಷ್ಟೇ ನೋಡಿದೆ. ಬಾಗಿಲುಗಳು ಸಲೀಸಾಗಿ ಮುಚ್ಚುತ್ತವೆ, ಸಂದುಗಳು ಸಮವಾಗಿವೆ. ಗುಳ್ಳೆಯ ಕೆಳಗೆ ಬಿಳಿ ಹುಡಿ, ಅದನ್ನು ಒರೆಸಿದರೆ ನಯವಾದ ಲೋಹ. ಬಿರುಕಿಲ್ಲ. ಅಬ್ಬಾ!

ಹಾಗಾದರೆ ಬಿಚ್ಚುವುದು ಖಚಿತ. ಚಾವಣಿ ತಗ್ಗಿಸುವ ಬಗ್ಗೆ ಏನು ಹೇಳುತ್ತೀರಿ?

ಇಪ್ಪತ್ತೈದರಲ್ಲೊಂದು

ಚಾವಣಿ ತಗ್ಗಿಸುವುದು ನನ್ನ ಪ್ರೀತಿಯ ಕೆಲಸ, ಹಾಗಾಗಿ ಈ ಉತ್ತರ ಉದ್ದವಾಗುತ್ತದೆ.

ಮೊದಲು ಒಂದು ಮಾತು. ಮಾದರಿ ಕಾರನ್ನು ಮಾರ್ಪಡಿಸುವುದು ಈ ಹವ್ಯಾಸಕ್ಕೆ ಹೊರಗಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇದೆ. 1958ರಲ್ಲಿ ಅಮೆರಿಕದ ಎಎಂಟಿ ಕಂಪನಿಯವರು ತಂದ 1:25ರ ಕಿಟ್‌ಗಳ (ಬಿಡಿಭಾಗ ಜೋಡಿಸಿ ನಾವೇ ಕಟ್ಟುವ ಪ್ಲಾಸ್ಟಿಕ್ ಮಾದರಿಗಳ) ಪೆಟ್ಟಿಗೆಯಲ್ಲಿ ಮೂರು ಬಗೆಯ ಬಿಡಿಭಾಗಗಳಿದ್ದವು. ಕಾರ್ಖಾನೆಯಿಂದ ಬಂದಂತೆ ಕಟ್ಟಬಹುದು, ಇಷ್ಟದಂತೆ ಮಾರ್ಪಡಿಸಿ ಕಸ್ಟಮ್ ಮಾಡಬಹುದು, ರೇಸಿನ ಕಾರು ಮಾಡಬಹುದು. ಅದಕ್ಕೂ ಮುಂಚೆ ಅದೇ ಅಳತೆಯ ಮಾದರಿಗಳು ಕಾರು ಮಾರುವ ಮಳಿಗೆಗಳಲ್ಲಿ ಪ್ರಚಾರಕ್ಕಾಗಿ ಸಿಗುತ್ತಿದ್ದವು, ನಿಜವಾದ ಕಾರಿನ ಬಣ್ಣಗಳಲ್ಲೇ. ಅಂಥ ಪ್ರಚಾರದ ಮಾದರಿಗಳನ್ನು ನಾನೂ ಮುಟ್ಟುವುದಿಲ್ಲ. 1950ರ ದಶಕದವು ಅಸಿಟೇಟ್ ಪ್ಲಾಸ್ಟಿಕ್ಕಿನವು, ತಾವಾಗಿಯೇ ಸೊಟ್ಟಗಾಗಿ ಹೋಗುತ್ತಿವೆ. ನೆಟ್ಟಗೆ ಉಳಿದವು ಉಳಿಯಲಿ. ನಿಮ್ಮ ಗುಳ್ಳೆ ಎದ್ದ ಕಾರು ಆ ಸಾಲಿಗೆ ಸೇರುವುದಿಲ್ಲ.

ಈಗ ಚಾವಣಿ. ನಿಜವಾದ ಕಾರಿನಲ್ಲಿ ನಾಲ್ಕು ಇಂಚು ತಗ್ಗಿಸಿದರೆ 1:18ರಲ್ಲಿ ಅದು ಐದೂವರೆ ಮಿಲಿಮೀಟರ್‌ಗೆ ತುಸು ಹೆಚ್ಚು, 1:25ರಲ್ಲಿ ಸುಮಾರು ನಾಲ್ಕು. ಚಾವಣಿ ಹೊತ್ತ ಕಂಬಗಳಿಂದ ಅಷ್ಟು ಕತ್ತರಿಸಿ ಮತ್ತೆ ಕೂರಿಸಿದರಾಯಿತು ಎಂದು ಮೊದಲ ಸಲ ನಾನೂ ಅಂದುಕೊಂಡಿದ್ದೆ. ಕಂಬಗಳು ನೇರವಾಗಿ ನಿಂತಿದ್ದರೆ ಅದು ಸರಿ. ಆದರೆ ಅವು ಓರೆ. ನಾಲ್ಕು ಮಿಲಿಮೀಟರ್ ಕೆಳಗೆ ಬಂದ ಕೂಡಲೇ ಚಾವಣಿಯ ತುದಿಗಳು ಕೆಳಗಿನ ಕಂಬಗಳಿಗೆ ಸೇರುವುದೇ ಇಲ್ಲ. ಚಾವಣಿಯನ್ನು ನಡುವೆ ಸೀಳಿ ಉದ್ದ ಮಾಡಬೇಕು, ಇಲ್ಲವೇ ಕಂಬಗಳನ್ನು ಬಗ್ಗಿಸಬೇಕು. ಆಮೇಲೆ ಗಾಜು. 1957ರ ಬೆಲ್ ಏರ್‌ನ ಮುಂಗಾಜು ಎರಡೂ ಬದಿಗೆ ಸುತ್ತಿಕೊಂಡು ಬರುತ್ತದೆ, ಅದರ ಕಂಬ ಮೊಣಕಾಲು ಮಡಿಸಿದಂತೆ ಹಿಂದಕ್ಕೆ ತಿರುಗಿ ಇಳಿಯುತ್ತದೆ. ಆ ಬಾಗುಗಾಜನ್ನು ಕತ್ತರಿಸಿ ಕೂರಿಸುವುದು ಇದ್ದುದರಲ್ಲೇ ಅತಿ ಕಷ್ಟದ ಕೆಲಸ. ಅದೂ ನಿಮ್ಮದು ಲೋಹದ ಮೈ. ಪ್ಲಾಸ್ಟಿಕ್‌ನಂತೆ ಅಂಟಿನಿಂದ ಬೆಸೆದುಕೊಳ್ಳುವುದಿಲ್ಲ, ಪ್ರತಿ ಕೀಲಿಗೂ ಒಳಗೆ ಸಣ್ಣ ಹಿತ್ತಾಳೆ ಕಡ್ಡಿ ಕೊಟ್ಟು ಎಪಾಕ್ಸಿ ಅಂಟು ತುಂಬಬೇಕು. ಮೊದಲ ಕೆಲಸಕ್ಕೆ ಇದು ಬೇಡ.

ಇನ್ನೊಂದು ಕಾರಣವನ್ನು ನಾನು ಇದಕ್ಕಿಂತ ಮುಖ್ಯ ಎಂದುಕೊಳ್ಳುತ್ತೇನೆ. ಚಾವಣಿ ತಗ್ಗಿಸಿ ನೆಲಕ್ಕಿಳಿಸುವ ಶೈಲಿ ಬೆಳೆದದ್ದು 1949ರಿಂದ 1951ರವರೆಗಿನ ಮರ್ಕ್ಯುರಿ ಕಾರುಗಳ ಮೇಲೆ. ಲಾಸ್ ಏಂಜಲೀಸ್ ಕಡೆಯ ಗ್ಯಾರೇಜುಗಳಲ್ಲಿ ಕೀಲುಗಳಿಗೆ ಸೀಸ ಕಾಯಿಸಿ ತುಂಬಿ ನಯಮಾಡುತ್ತಿದ್ದುದರಿಂದಲೇ ಅವುಗಳಿಗೆ ಲೆಡ್ ಸ್ಲೆಡ್ ಎಂಬ ಹೆಸರು ಬಂತು. ಬ್ಯಾರಿಸ್ ಸೋದರರ ಗ್ಯಾರೇಜಿನಲ್ಲಿ ಹಸಿರಿನ ಎರಡು ಛಾಯೆಗಳಲ್ಲಿ ತಯಾರಾದ 1951ರ ಹಿರೋಹಾಟಾ ಮರ್ಕ್ಯುರಿಯ ಚಿತ್ರ ನೋಡಿ. ದುಂಡನೆಯ ಭಾರದ ಮೈಗೆ ತಗ್ಗಿದ ಚಾವಣಿ ಹೇಗೆ ಒಪ್ಪಿದೆ! ಬೆಲ್ ಏರ್‌ನ ಮೈ ಹಾಗಿಲ್ಲ. ಅದರ ಅಂದವೆಲ್ಲ ತೆಳುವಾದ ಎತ್ತರದ ಚಾವಣಿಯಲ್ಲಿ, ನಡುಗಂಬವಿಲ್ಲದ ಕಿಟಕಿಯಲ್ಲಿ, ಹಿಂದಕ್ಕೆ ಚಿಮ್ಮುವ ರೆಕ್ಕೆಯಲ್ಲಿದೆ.

ಈ ಕಾರನ್ನು ಜನ ಮಾರ್ಪಡಿಸಲಿಲ್ಲವೆಂದಲ್ಲ. 1955, 56, 57ರ ಷೆವ್ರೊಲೆಗಳನ್ನು 1960ರ ದಶಕದಲ್ಲಿ ಡ್ರ್ಯಾಗ್ ರೇಸಿಗೆ, ಅಂದರೆ ಸಣ್ಣ ನೇರ ಹಾದಿಯ ಓಟಕ್ಕೆ, ಗ್ಯಾಸರ್ ಎಂಬ ಬಗೆಯ ಕಾರುಗಳನ್ನಾಗಿ ಮಾಡಿದರು. ಮುಂದಿನ ಮೂತಿ ಮೇಲೆತ್ತಿ ನೇರ ಆಕ್ಸಲ್ ಹಾಕಿದರೆ ಹೊರಡುವ ಹೊತ್ತಿಗೆ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದೆ ಅಗಲವಾದ ಟೈರುಗಳಿಗಾಗಿ ಚಕ್ರದ ಕಮಾನನ್ನು ದುಂಡಗೆ ಕತ್ತರಿಸುತ್ತಿದ್ದರು. ನೇರಳೆ ಬಣ್ಣವೇ ಬೇಕೆಂದರೆ ಒಂದು 1:25 ಕಿಟ್ ತಂದು ಗ್ಯಾಸರ್ ಮಾಡಿ, ಜೊತೆಯಲ್ಲಿ ನಿಂತು ಸಹಾಯ ಮಾಡುತ್ತೇನೆ. ಈ 1:18ನ್ನು ಮಾತ್ರ 1957ಕ್ಕೇ ಮರಳಿಸಿ.

ತೆರೆಯದಪೆಟ್ಟಿಗೆ

ಬಿರುಕಿಲ್ಲ, ಬಣ್ಣವಷ್ಟೇ ಕೆಟ್ಟಿದೆ ಎಂದಾದರೆ ನನ್ನ ತಕರಾರು ಹಿಂದಕ್ಕೆ ತೆಗೆದುಕೊಂಡೆ. ಒಂದೇ ಕೋರಿಕೆ: ಕೆಲಸ ಮುಗಿದ ಮೇಲೆ ತಳದ ತಟ್ಟೆಯ ಒಳಮೈಯಲ್ಲಿ ಸೂಜಿಯಿಂದ 'ಮರುಬಣ್ಣ' ಎಂದೂ ಇಸವಿಯನ್ನೂ ಕೊರೆದಿಡಿ. ನಾಳೆ ಇದು ಯಾರ ಕೈಗೆ ಹೋದರೂ ಅವರಿಗೆ ನಿಜ ತಿಳಿಯಬೇಕು.

ಬಾಲರೆಕ್ಕೆ

ಖಂಡಿತ ಕೊರೆಯುತ್ತೇನೆ.

ಇಪ್ಪತ್ತೈದರಲ್ಲೊಂದು ಅವರ ಮಾತು ಮನಸ್ಸಿಗೆ ನಾಟಿತು. ಆ ಕಾಲದ ಬಣ್ಣಗಳಲ್ಲೇ ಹೋಗುತ್ತೇನೆ: ಮೈಗೆ ಟ್ರಾಪಿಕಲ್ ಟರ್ಕಾಯ್ಸ್, ಚಾವಣಿಗೆ ಇಂಡಿಯಾ ಐವರಿ. ಬಿಚ್ಚುವುದು, ಬಣ್ಣ ತೆಗೆಯುವುದು, ಹಚ್ಚುವುದು, ಎಲ್ಲವನ್ನೂ ಹೇಳಿಕೊಡಿ. ಏರ್‌ಬ್ರಷ್ ಇದೆ, ಕೈ ಪಳಗಿಲ್ಲ.

ಬೂದುಪ್ರೈಮರ್

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸ್ಕ್ರೂಗಳನ್ನು ಒಂದು ಕಾಗದದ ಮೇಲೆ ಕಾರಿನ ತಳದ ರೇಖಾಚಿತ್ರ ಬರೆದು, ಅವು ಇದ್ದ ಜಾಗದಲ್ಲೇ ಅಂಟಿಸಿಡಿ. ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ಬಿಗಿದರೆ ಬಾನೆಟ್ಟಿನಲ್ಲಿ ಮೊಡವೆ ಏಳುತ್ತದೆ. ಬದಿಯ ಕ್ರೋಮ್ ಪಟ್ಟಿಗಳು ಒಳಗಿನಿಂದ ಸಣ್ಣ ಗೂಟಗಳ ಮೇಲೆ ನಿಂತಿರುತ್ತವೆ. ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿ ಅಂಟು ಸಡಿಲವಾದ ಮೇಲೆ ಒಳಗಿನಿಂದ ಒತ್ತಿ, ಹೊರಗಿನಿಂದ ಎಬ್ಬಬೇಡಿ.

ಬಣ್ಣ ತೆಗೆಯುವ ಜೆಲ್ ಲೋಹಕ್ಕೆ ಮಾತ್ರ. ಒಂದು ತುಣುಕು ಪ್ಲಾಸ್ಟಿಕ್ ಉಳಿದಿದ್ದರೂ ಅದು ಕರಗುತ್ತದೆ. ಕೈಗವಸು ಹಾಕಿ, ಬಯಲಿನಲ್ಲಿ ಕುಳಿತು ಮಾಡಿ. ಆಮೇಲೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಪೂರ್ತಿ ಒಣಗಿಸುವುದು. ಬರಿಯ ಸತುವನ್ನು ದಿನಗಟ್ಟಲೆ ಬಿಡಬೇಡಿ, ಒಣಗಿದ ದಿನವೇ ಲೋಹಕ್ಕೆ ಹಿಡಿಯುವ ಪ್ರೈಮರ್ ಹಾಕಿ. ಮೊದಲ ಸಲ ಗುಳ್ಳೆ ಎದ್ದದ್ದು ಈ ಹಂತದ ಅವಸರದಿಂದಲೇ ಇರಬೇಕು.

ಈಗ ಬಣ್ಣ. ಒಂದು ಲೆಕ್ಕ ನೆನಪಿಡಿ. ನಿಜವಾದ ಕಾರಿನ ಬಣ್ಣದ ಪದರ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ಹದಿನೆಂಟರಿಂದ ಭಾಗಿಸಿ. ನಾವು ಎಷ್ಟೇ ತೆಳ್ಳಗೆ ಬಳಿದರೂ ನಮ್ಮ ಪದರ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಮಾದರಿ ಆಟಿಕೆಯಂತೆ ಕಾಣುವುದಕ್ಕೆ ದೊಡ್ಡ ಕಾರಣ ಇದೇ: ಬಾಗಿಲಿನ ಗೆರೆಗಳು ತುಂಬಿಹೋಗುತ್ತವೆ, ಅಂಚುಗಳು ಮೊಂಡಾಗುತ್ತವೆ. ಆದ್ದರಿಂದ ಪ್ರೈಮರ್‌ಗೆ ಮೊದಲೇ ಎಲ್ಲ ಗೆರೆಗಳನ್ನೂ ಬ್ಲೇಡಿನ ಬೆನ್ನಿನಿಂದ ಒಮ್ಮೆ ಎಳೆದು ಆಳ ಮಾಡಿಕೊಳ್ಳಿ. ಮೊದಲ ಎರಡು ಪದರ ಮಂಜಿನಂತೆ ಕೂರಲಿ, ಕೆಳಗಿನ ಬೂದು ಕಾಣುತ್ತಿದ್ದರೂ ಗಾಬರಿ ಬೇಡ. ಮೂರನೆಯದು ತುಸು ಒದ್ದೆಯಾಗಿ.

ತಿಳಿಬಣ್ಣ ಮೊದಲು. ಚಾವಣಿಗೆ ಐವರಿ ಹೊಡೆದು, ಪೂರ್ತಿ ಒಣಗಿದ ಮೇಲೆ ಅಂಟುಪಟ್ಟಿ ಹಾಕಿ. ಪಟ್ಟಿಯ ಅಂಚಿನ ಮೇಲೆ ಇನ್ನೊಂದು ತೆಳು ಪದರ ಐವರಿಯನ್ನೇ ಹೊಡೆಯಿರಿ. ಸಂದಿಯೊಳಗೆ ನುಸುಳುವುದಿದ್ದರೆ ಐವರಿಯೇ ನುಸುಳಿ ಮುಚ್ಚಿಬಿಡುತ್ತದೆ, ಆಮೇಲಿನ ಟರ್ಕಾಯ್ಸ್‌ಗೆ ದಾರಿ ಇರುವುದಿಲ್ಲ. ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಡಿ, ಮೂಗಿನಿಂದ ನೋಡಿ. ಬಣ್ಣದ ವಾಸನೆ ಬರುತ್ತಿದೆ ಎಂದರೆ ಒಣಗಿಲ್ಲ.

ಕಿಟಕಿಯ ಸುತ್ತಲಿನ ಕ್ರೋಮ್‌ಗೆ ಬೆಳ್ಳಿ ಬಣ್ಣ ಬಳಿಯಬೇಡಿ, ಬೇರ್ ಮೆಟಲ್ ಫಾಯಿಲ್ ಹಾಕಿ. ಹಿಂಬದಿಗೆ ಅಂಟಿರುವ ಬಹಳ ತೆಳುವಾದ ಅಲ್ಯೂಮಿನಿಯಂ ಹಾಳೆ ಅದು. ಬೇಕಾದುದಕ್ಕಿಂತ ಅಗಲವಾಗಿ ಕತ್ತರಿಸಿ ಇಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ, ಆಮೇಲೆ ಹಲ್ಲುಕಡ್ಡಿಯಿಂದ ಅಂಚಿಗೆ ಒತ್ತಿ. ಹೊಸ ಬ್ಲೇಡಿನಿಂದ, ಬ್ಲೇಡಿನ ತೂಕವೇ ಸಾಕೆಂಬಷ್ಟು ಹಗುರವಾಗಿ ಗೆರೆ ಎಳೆದು ಉಳಿದದ್ದನ್ನು ಸುಲಿಯಿರಿ. ರೆಕ್ಕೆಯ ಬದಿಯಲ್ಲಿರುವ ಗೀರುಗೀರಿನ ಅಲ್ಯೂಮಿನಿಯಂ ಪಟ್ಟಿ ಕ್ರೋಮ್‌ನಷ್ಟು ಹೊಳೆಯಬಾರದು. ಅದರ ಗೀರುಗಳಿಗೆ ತೆಳು ಕಪ್ಪುಬೂದು ಬಣ್ಣ ಹರಿಸಿ ಒರೆಸಿದರೆ ಆ ಪಟ್ಟಿ ಎದ್ದು ಕಾಣುತ್ತದೆ.

ಪ್ಲಾಸ್ಟಿಕ್ ಕಿಟ್ ಕಟ್ಟುವವರಿಗೆ ಒಂದು ಗುಟ್ಟು: ಮೈಮೇಲೆ ಉಬ್ಬಾಗಿ ಅಚ್ಚಾದ ಅಕ್ಷರಗಳಿದ್ದರೆ ಬಣ್ಣಕ್ಕೆ ಮೊದಲೇ ಅವುಗಳ ಮೇಲೆ ಫಾಯಿಲ್ ಅಂಟಿಸಿ. ಬಣ್ಣ ಹೊಡೆದ ಮೇಲೆ ಥಿನ್ನರ್ ಸೋಕಿಸಿದ ಬಟ್ಟೆಯಿಂದ ಅಕ್ಷರಗಳ ನೆತ್ತಿಯನ್ನಷ್ಟೇ ಸವರಿ. ಬೆಳ್ಳಿಯ ಅಕ್ಷರಗಳು ಬಣ್ಣದೊಳಗಿನಿಂದ ಎದ್ದು ಬರುತ್ತವೆ. ಎಷ್ಟು ಸಲ ಮಾಡಿದರೂ ಆ ಗಳಿಗೆ ನನಗೆ ಬೇಸರ ತರಿಸಿಲ್ಲ.

ಎಂಟುಸಿಲಿಂಡರ್

ಬಾನೆಟ್ ಹೇಗೂ ತೆರೆಯುತ್ತದಲ್ಲ, ಎಂಜಿನ್ ಬಿಡಬೇಡಿ. ಷೆವ್ರೊಲೆಯ ಈ ವಿ8 ಎಂಜಿನ್‌ನ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿ ಹಂಚುವ ಭಾಗ) ಹಿಂಭಾಗದಲ್ಲಿ, ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಯ ಪಕ್ಕದಲ್ಲಿದೆ. ಅದರಿಂದ ಎಂಟು ತಂತಿ ಸ್ಪಾರ್ಕ್ ಪ್ಲಗ್‌ಗಳಿಗೆ, ಒಂಬತ್ತನೆಯದು ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ಗೆ. ಚಾಲಕನ ಬದಿಯಲ್ಲಿ (ಅಮೆರಿಕದ ಕಾರಿನಲ್ಲಿ ಎಡಗಡೆ) ಮುಂದಿನಿಂದ ಸಿಲಿಂಡರುಗಳು 1, 3, 5, 7. ಇನ್ನೊಂದು ಬದಿಯಲ್ಲಿ 2, 4, 6, 8. ಕಿಡಿ ಹೊತ್ತುವ ಸರದಿ 1-8-4-3-6-5-7-2. ಈ ಸರದಿಯಲ್ಲೇ ತಂತಿ ಹಾಕಿದರೆ ನೋಡುವವರಲ್ಲಿ ನೂರಕ್ಕೆ ಒಬ್ಬರಿಗೆ ತಿಳಿಯಬಹುದು. ಆ ಒಬ್ಬರಿಗಾಗಿ ಹಾಕಿ. ನಿಜವಾದ ತಂತಿ ಏಳು ಮಿಲಿಮೀಟರ್ ದಪ್ಪ, 1:18ರಲ್ಲಿ 0.4 ಆಗುತ್ತದೆ. ಅರ್ಧ ಮಿಲಿಮೀಟರ್ ದಾಟಿದರೆ ತಂತಿಯಲ್ಲ, ಹಗ್ಗದಂತೆ ಕಾಣುತ್ತದೆ.

ಟೈರು: 1957ಕ್ಕೆ ಅಗಲವಾದ ಬಿಳಿ ಪಟ್ಟಿಯೇ ಸರಿ. 1962ರ ಹೊತ್ತಿಗೆ ಆ ಪಟ್ಟಿ ಸುಮಾರು ಒಂದು ಇಂಚಿಗೆ ಇಳಿಯಿತು. 1965ರ ಮಸ್ಟ್ಯಾಂಗ್‌ಗೆ ಅಗಲ ಪಟ್ಟಿಯ ಟೈರು ಹಾಕಿದ ಮಾದರಿಗಳನ್ನು ಕಂಡಾಗ ಮನಸ್ಸು ಮುದುಡುತ್ತದೆ.

ಇಸವಿಯ ವಿಷಯ ಬಂದದ್ದಕ್ಕೆ ಇನ್ನೊಂದು. 1967ರ ಕಮಾರೊ ಮತ್ತು 1968ರ ಕಮಾರೊ ಮೇಲ್ನೋಟಕ್ಕೆ ಅವಳಿಗಳು. ಆದರೆ 67ರಲ್ಲಿ ಬಾಗಿಲಿನ ಮುಂತುದಿಗೆ ತ್ರಿಕೋನದ ಪುಟ್ಟ ಗಾಳಿಕಿಟಕಿ ಇದೆ, 68ರಲ್ಲಿ ಇಲ್ಲ. 68ರಲ್ಲಿ ಮೈಯ ಬದಿಗಳಲ್ಲಿ ಪುಟ್ಟ ದೀಪಗಳಿವೆ, 67ರಲ್ಲಿ ಇಲ್ಲ. ಅಮೆರಿಕ ಸರ್ಕಾರ ಆ ಬದಿದೀಪಗಳನ್ನು 1968ರ ಮಾದರಿಗಳಿಂದ ಕಡ್ಡಾಯ ಮಾಡಿತು. ಪೆಟ್ಟಿಗೆಯ ಮೇಲೆ ಬರೆದ ಇಸವಿಯನ್ನು ನಂಬುವ ಮೊದಲು ಬದಿಯನ್ನು ನೋಡಿ.

ಹೊಸಬ್ಲೇಡ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎರಡು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ 1:25 ಕಿಟ್ ಇಂದು ತೆರೆದರೆ ಟೈರು ತಾಗಿದ್ದ ಕಡೆ ಗಾಜಿನ ಭಾಗ ಕರಗಿ ಹಳ್ಳ ಬಿದ್ದಿದೆ. ಬೆಂಕಿ ತಾಗಿದಂತಿದೆ. ಏಕೆ?

ಇಪ್ಪತ್ತೈದರಲ್ಲೊಂದು

ಮೆತ್ತನೆಯ ವಿನೈಲ್ ಟೈರಿನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಇರುತ್ತದೆ. ಅದು ನಿಧಾನವಾಗಿ ಒಸರಿ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಕಿಟ್ ಕೊಂಡ ದಿನವೇ ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿ. ಕಟ್ಟಿದ ಮೇಲೂ ಟೈರು ಚಕ್ರದ ಅಂಚಿಗೆ ತಾಗುವ ಜಾಗದಲ್ಲಿ ಒಂದು ಸುತ್ತು ಫಾಯಿಲ್ ಹಾಕಿ. ನಿಮ್ಮ ಗಾಜಿನ ಹಳ್ಳ ಹೆಚ್ಚು ಆಳವಿಲ್ಲದೆ, ಉಜ್ಜಿದರೆ ಹೋಗುವಂತಿದ್ದರೆ ಉಳಿಸಬಹುದು. 1000, 1500, 2000 ಸಂಖ್ಯೆಯ ಉಜ್ಜುಕಾಗದವನ್ನು ನೀರಿನೊಂದಿಗೆ ಬಳಸಿ, ಕಡೆಗೆ ಪಾಲಿಷ್. ಆಳವಾಗಿದ್ದರೆ ಆ ಕಾರನ್ನು ಕಿಟಕಿ ಇಳಿಸಿದಂತೆ ಕಟ್ಟಿ.

ಬಾಲರೆಕ್ಕೆ

ಏಳು ವಾರಗಳ ಮೇಲೆ ಮರಳಿ ಬಂದಿದ್ದೇನೆ.

ಮೂಗಿನ ಪರೀಕ್ಷೆ ಮಾಡದೆ ಒಮ್ಮೆ ಬಲಬಾಗಿಲನ್ನು ಹಿಡಿದೆ. ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಟರ್ಕಾಯ್ಸ್‌ನಲ್ಲಿ ಕೂತಿತು. ಹತ್ತು ದಿನ ಒಣಗಲು ಬಿಟ್ಟು, ಉಜ್ಜಿ, ಬಾಗಿಲಿಗೆ ಮಾತ್ರ ಮತ್ತೆ ಹೊಡೆದೆ. ಚಾವಣಿಯ ಅಂಚು ಮಾತ್ರ ಕೂದಲೆಳೆಯಷ್ಟೂ ಹರಡದೆ ಬಂದಿದೆ, ಐವರಿಯಿಂದ ಐವರಿಯನ್ನೇ ಮುಚ್ಚುವ ಉಪಾಯ ಫಲಿಸಿತು. ತಂತಿಗಳು ಸರದಿಯಲ್ಲೇ ಇವೆ. ಎಂಟುಸಿಲಿಂಡರ್ ಅವರೇ, ಏಳನೆಯದನ್ನು ಎರಡು ಸಲ ತಪ್ಪಿ ಮೂರನೆಯ ಸಲ ಸರಿ ಹಾಕಿದೆ.

ವಿ ಲಾಂಛನವನ್ನು ತೆಳು ಪ್ಲಾಸ್ಟಿಕ್ ಹಾಳೆಗೆ ಫಾಯಿಲ್ ಅಂಟಿಸಿ ಕತ್ತರಿಸಿ, ಮೇಲೆ ಪಾರದರ್ಶಕ ಹಳದಿ ಬಳಿದು ಮಾಡಿದೆ. ಬೆಲ್ ಏರ್‌ನ ಮುಂಭಾಗದ ಗ್ರಿಲ್‌ನ ಚಿನ್ನದ ಛಾಯೆಗೆ ಅದು ಹೊಂದಿಕೊಂಡಿದೆ. ತಳದ ಒಳಮೈಯಲ್ಲಿ 'ಮರುಬಣ್ಣ' ಎಂದು ಕೊರೆದಿದ್ದೇನೆ.

ಆದರೆ ನಾನು ಹೇಳಲು ಬಂದದ್ದು ಬೇರೆ. ಎಡರೆಕ್ಕೆಯ ಹಿಂತುದಿಯ ಕ್ರೋಮ್ ಭಾಗವನ್ನು ಒರೆಸುತ್ತಿದ್ದಾಗ ಅಡ್ಡಲಾಗಿ ಒಂದು ಸಣ್ಣ ಗೆರೆ ಕಂಡಿತು. ಗೀರು ಬಿತ್ತೆಂದು ಎದೆ ಧಸಕ್ಕೆಂದಿತು. ಬಲರೆಕ್ಕೆಯಲ್ಲಿ ನೋಡಿದರೆ ಆ ಗೆರೆ ಇಲ್ಲ. ಹುಡುಕಿದಾಗ ತಿಳಿಯಿತು: 1957ರಲ್ಲಿ ಪೆಟ್ರೋಲ್ ತುಂಬುವ ಬಾಯಿ ಇದ್ದದ್ದೇ ಅಲ್ಲಿ, ಎಡರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ. ಮುಚ್ಚಳವೇ ಅಲಂಕಾರದ ಪಟ್ಟಿ! ಆರು ವರ್ಷ ಈ ಕಾರು ನನ್ನ ಕಣ್ಣೆದುರಿಗಿತ್ತು, ಅಚ್ಚು ಮಾಡಿದ ಯಾರೋ ಅದನ್ನು ಮರೆಯದೆ ಕೊರೆದಿದ್ದರು. ನಾನು ನೋಡಿದ್ದು ಈಗ. ಆ ಗೆರೆಗೆ ತುಸು ಕಪ್ಪುಬೂದು ಹರಿಸಿದ್ದೇನೆ.

ತೆರೆಯದಪೆಟ್ಟಿಗೆ

ಚಿತ್ರಗಳನ್ನು ನೋಡಿದೆ. ಐವರಿ ಮತ್ತು ಟರ್ಕಾಯ್ಸ್ ಸೇರುವ ಅಂಚನ್ನು ಬಹಳ ಹೊತ್ತು ನೋಡಿದೆ. ಒಳ್ಳೆಯ ಕೆಲಸ.

ನನ್ನಲ್ಲೂ ಒಂದು 57 ಇದೆ, 1:24, ಹದಿನೈದು ವರ್ಷಗಳಿಂದ ಪೆಟ್ಟಿಗೆಯಲ್ಲೇ. ಪೆಟ್ಟಿಗೆಯ ಕಿಟಕಿಯಲ್ಲಿ ಅದರ ಬಲಮಗ್ಗುಲು ಮಾತ್ರ ಕಾಣುತ್ತದೆ. ನಿಮ್ಮ ಬರಹ ಓದಿದ ಮೇಲೆ ನಿನ್ನೆ ರಾತ್ರಿ ಅಂಟುಪಟ್ಟಿ ಕತ್ತರಿಸಿ ಹೊರತೆಗೆದೆ. ಎಡರೆಕ್ಕೆಯಲ್ಲಿ ಆ ಗೆರೆ ಇದೆ. ಉಗುರಿನ ತುದಿಯಿಂದ ಮೆಲ್ಲನೆ ಎತ್ತಿದೆ, ಮುಚ್ಚಳ ತೆರೆಯಿತು. ಒಳಗೆ ಪುಟ್ಟದೊಂದು ಪೆಟ್ರೋಲ್ ಮುಚ್ಚಳವಿದೆ.